ಬ್ಲಾಕ್‌ಚೈನ್ ಎಲ್‌ಆರ್‌ಗೆ ಸೇರಿ ಅನ್ನುತ್ತಿದ್ದಾರೆ, ಸೇರಬೇಕಾ? ಲಾರಿ ಲೈನಿನವರು, ಪೋರ್ಟಿನವರು ಹೇಳಿ

ಹಾಸನ ಲೋಡ್

ನಮ್ಮದು ಹಾಸನದಲ್ಲಿ ಸಣ್ಣ ಟ್ರಾನ್ಸ್‌ಪೋರ್ಟ್. ಸ್ವಂತ ಗಾಡಿ ಆರು. ಸೀಸನ್‌ನಲ್ಲಿ ಮಾರ್ಕೆಟ್ ಗಾಡಿ, ಅಂದರೆ ಬೇರೆ ಓನರ್‌ಗಳ ಗಾಡಿ ಹಿಡಿದು ಲೋಡ್ ಕಳಿಸುತ್ತೇವೆ. ಕಾಫಿ ಕಾಲದಲ್ಲಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಿಂದ ಮಂಗಳೂರು ಪೋರ್ಟ್‌ಗೆ, ಉಳಿದ ದಿನ ಬೆಂಗಳೂರಿನ ಗೋಡೌನ್‌ಗಳಿಗೆ ಸೋಪು, ಬಿಸ್ಕತ್ತು, ಎಣ್ಣೆ.

ವಿಷಯ ಏನೆಂದರೆ, ನಮಗೆ ಲೋಡ್ ಕೊಡುವ ದೊಡ್ಡ ಪಾರ್ಟಿಯೊಬ್ಬರು ಇನ್ನು ಮುಂದೆ ಎಲ್‌ಆರ್ (ಲೋಡ್ ಹತ್ತಿಸಿಕೊಂಡದ್ದಕ್ಕೆ ಕೊಡುವ ಲಾರಿ ರಸೀದಿ), ಪಿಒಡಿ (ಸರಕು ಮುಟ್ಟಿತು ಅಂತ ಸೀಲ್ ಹಾಕಿದ ಪ್ರತಿ) ಎಲ್ಲ ಬ್ಲಾಕ್‌ಚೈನ್ ಮೇಲೇ ಇರಬೇಕು ಅಂತ ಮೇಲ್ ಕಳಿಸಿದ್ದಾರೆ. ಆ ಸಾಫ್ಟ್‌ವೇರ್ ಮಾರುವ ಹುಡುಗ ಆಫೀಸಿಗೂ ಬಂದಿದ್ದ. ಒಂದೊಂದು ಎಲ್‌ಆರ್‌ಗೂ ಇಷ್ಟು ಅಂತ ಚಾರ್ಜ್, ಅದು ನಮ್ಮ ತಲೆ ಮೇಲೆ. "ಒಮ್ಮೆ ಬರೆದದ್ದನ್ನು ಯಾರೂ ತಿದ್ದೋಕಾಗಲ್ಲ ಸರ್, ಜಗಳಾನೇ ಇರಲ್ಲ, ದುಡ್ಡು ತಾನಾಗೇ ಬರುತ್ತೆ" ಅಂದ.

ನನಗಿರುವ ಜಗಳ ಇಷ್ಟೇ. ಗಾಡಿ ಗೋಡೌನ್ ಗೇಟಿನ ಹೊರಗೆ ಎರಡು ದಿನ ನಿಲ್ಲುತ್ತದೆ. ಒಳಗೆ ಕರೆದು ಇಳಿಸಿಕೊಂಡ ದಿನದ ತಾರೀಖು ಹಾಕಿ ಸೀಲ್ ಹೊಡೆಯುತ್ತಾರೆ. ಹಾಲ್ಟಿಂಗ್, ಅಂದರೆ ಗಾಡಿ ಕಾದು ನಿಂತ ದಿನದ ದುಡ್ಡು ಕೇಳಿದರೆ ಪ್ರೂಫ್ ಎಲ್ಲಿ ಅನ್ನುತ್ತಾರೆ. ಎರಡು ಬಾಕ್ಸ್ ಶಾರ್ಟೇಜ್ ಅಂತ ಬರೆದು ಬಾಡಿಗೆಯಲ್ಲೇ ಮುರಿದುಕೊಳ್ಳುತ್ತಾರೆ. ಒರಿಜಿನಲ್ ಪಿಒಡಿ ಕೈಗೆ ಬರುವ ತನಕ ಬಿಲ್ ಹಾಕುವ ಹಾಗಿಲ್ಲ. ಹಾಕಿದ ಮೇಲೆ ಮೂರು ತಿಂಗಳು ಕಾಯಬೇಕು.

ಇದಕ್ಕೆಲ್ಲ ಬ್ಲಾಕ್‌ಚೈನ್ ಮದ್ದಾ, ಇಲ್ಲ ಇನ್ನೊಂದು ಖರ್ಚಾ? ಗೊತ್ತಿರುವವರು ಹೇಳಿ. ಬಿಟ್‌ಕಾಯಿನ್ ಸಲಹೆ ಬೇಡ.

ಚೈನ್ ಚೆಲುವ

ಅಣ್ಣ, ಯೋಚನೆ ಮಾಡದೆ ಸೇರಿ. ವಾಲ್‌ಮಾರ್ಟ್ ಏನು ಮಾಡಿತು ಗೊತ್ತಾ? ಅಂಗಡಿಯಲ್ಲಿದ್ದ ಹೆಚ್ಚಿದ ಮಾವಿನಹಣ್ಣಿನ ಪ್ಯಾಕೆಟ್ ಒಂದನ್ನು ಹಿಡಿದು ಇದು ಯಾವ ತೋಟದ್ದು ಅಂತ ಹುಡುಕಿಸಿದರು. ಹಳೇ ಪದ್ಧತಿಯಲ್ಲಿ ಉತ್ತರ ಸಿಗಲು 6 ದಿನ 18 ಗಂಟೆ 26 ನಿಮಿಷ. ಐಬಿಎಂ ಜೊತೆ ಮಾಡಿದ ಬ್ಲಾಕ್‌ಚೈನ್‌ನಲ್ಲಿ 2.2 ಸೆಕೆಂಡ್. ಆಮೇಲೆ 2018ರಲ್ಲಿ ಸೊಪ್ಪು ಸಪ್ಲೈ ಮಾಡುವವರೆಲ್ಲ ಒಂದು ವರ್ಷದೊಳಗೆ ಇದಕ್ಕೆ ಬನ್ನಿ ಅಂತ ಪತ್ರ ಬರೆದರು. ಇಡೀ ಲಾಜಿಸ್ಟಿಕ್ಸ್ ಇದಕ್ಕೇ ಹೋಗುತ್ತಿದೆ. ನಾವು ಹಿಂದೆ ಬೀಳಬಾರದು.

ಶಿರಾಡಿ ಘಾಟ್

ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆದರೆ ಬ್ಲಾಕ್‌ಚೈನ್ ಏನು ಮಾಡುತ್ತದೆ ಅಂತ ಯಾರಾದರೂ ಹೇಳಿ. ಚಾರ್ಮಾಡಿ ಮೇಲೆ ಸುತ್ತಿಕೊಂಡು ಹೋಗೋಣ ಅಂದರೆ ದೊಡ್ಡ ಗಾಡಿ ಬಿಡುವುದಿಲ್ಲ.

ಫ್ಯಾಬ್ರಿಕ್ ಪುಟ್ಟ

ಚೆಲುವ ಅವರೇ, ಮಾವಿನಹಣ್ಣಿನ ಲೆಕ್ಕ ಸರಿಯಾಗೇ ಇದೆ. ಆದರೆ ಆ 2.2 ಸೆಕೆಂಡ್ ಎಲ್ಲಿಂದ ಬಂತು ನೋಡಿ. ಮೊದಲು ಮಾಹಿತಿ ತೋಟದಲ್ಲೊಂದು ಪುಸ್ತಕ, ಪ್ಯಾಕಿಂಗ್ ಹೌಸ್‌ನಲ್ಲೊಂದು ಎಕ್ಸೆಲ್, ಲಾರಿಯವರ ಹತ್ತಿರ ಒಂದು ಚೀಟಿ ಅಂತ ಚದುರಿ ಹೋಗಿತ್ತು. ಪ್ರಯೋಗದಲ್ಲಿ ಎಲ್ಲರೂ ಮುಂಚೆಯೇ ಒಂದೇ ಕಡೆ, ಒಂದೇ ನಮೂನೆಯಲ್ಲಿ ತುಂಬಿಸಿದರು. ಹಾಗೆ ತುಂಬಿಸಿದ ಮೇಲೆ ಮಾಮೂಲಿ ಡೇಟಾಬೇಸ್‌ನಲ್ಲೂ ಸೆಕೆಂಡುಗಳಲ್ಲೇ ಉತ್ತರ ಬರುತ್ತದೆ. ಎಲ್ಲರ ಕೈಯಲ್ಲೂ ತುಂಬಿಸುವುದೇ ದೊಡ್ಡ ಕೆಲಸ.

ಹಾಸನದ ಅಣ್ಣನಿಗೆ: ನಾನು ಬೆಂಗಳೂರಲ್ಲಿ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಅನ್ನುವ ಬ್ಲಾಕ್‌ಚೈನ್ ಸಾಫ್ಟ್‌ವೇರ್ ಮೇಲೆ ಇಂಥವೇ ಸಿಸ್ಟಮ್ ಕಟ್ಟುವ ಕೆಲಸ ಮಾಡಿದವನು. ಇದು ಏನು ಅಂತ ನಾಲ್ಕು ಮಾತು. ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಅಧ್ಯಕ್ಷೆಯ ಮನೆಯಲ್ಲಿ ಮಾತ್ರ ಇರದೆ ಪ್ರತಿ ಸದಸ್ಯೆಯ ಮನೆಯಲ್ಲೂ ಒಂದೊಂದು ಪ್ರತಿ ಇದೆ ಅಂದುಕೊಳ್ಳಿ. ಹೊಸ ಸಾಲು ಬರೆಯಬೇಕಾದರೆ ಎಲ್ಲರ ಪುಸ್ತಕದಲ್ಲೂ ಬರೆಯಬೇಕು. ಹಳೇ ಸಾಲು ಯಾರಾದರೂ ಕದ್ದು ತಿದ್ದಿದರೆ ಉಳಿದವರ ಪುಸ್ತಕಕ್ಕೆ ತಾಳೆ ಆಗುವುದಿಲ್ಲ, ಸಿಕ್ಕಿಬೀಳುತ್ತಾರೆ. ಇಷ್ಟೇ.

ಸಾಗಣೆಯಲ್ಲಿ ಬಳಸುವಂಥದ್ದು ಹೆಚ್ಚಾಗಿ ಸದಸ್ಯರಿಗೆ ಮಾತ್ರ ಬಾಗಿಲು ತೆರೆದಿರುವ ಚೈನ್. ಬಿಟ್‌ಕಾಯಿನ್ ಥರ ಮೈನಿಂಗ್, ಕರೆಂಟ್ ಸುಡುವುದು ಇದರಲ್ಲಿ ಇಲ್ಲ. ನಿಮ್ಮ ಎಲ್‌ಆರ್‌ನ ಪಿಡಿಎಫ್ ಕೂಡ ಸಾಮಾನ್ಯವಾಗಿ ಚೈನ್ ಮೇಲೆ ಕೂರುವುದಿಲ್ಲ. ಅದರಿಂದ ಲೆಕ್ಕ ಹಾಕಿ ತೆಗೆದ ಒಂದು ಉದ್ದ ಸಂಖ್ಯೆ, ಅಂದರೆ ಹ್ಯಾಶ್, ಕೂರುತ್ತದೆ. ಪಿಡಿಎಫ್‌ನಲ್ಲಿ ಒಂದು ಕಾಮಾ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ.

ಈಗ ನಿಮ್ಮ ಗೇಟಿನ ವಿಷಯಕ್ಕೆ ಬನ್ನಿ. ಗಾಡಿ ಸೋಮವಾರ ಬಂತು, ಗೋಡೌನಿನವರು ಬುಧವಾರ ಅಂತ ಒತ್ತಿದರು. ಆ ಬುಧವಾರವನ್ನು ಇನ್ನು ಯಾರೂ ತಿದ್ದಲು ಆಗುವುದಿಲ್ಲ. ನೀವೂ ಸೇರಿ!

ಆ ಹುಡುಗನನ್ನು ಎರಡು ಪ್ರಶ್ನೆ ಕೇಳಿ. ಪುಸ್ತಕದ ಪ್ರತಿಗಳು, ಅಂದರೆ ನೋಡ್, ಯಾರ ಯಾರ ಹತ್ತಿರ ಇವೆ? ಗೇಟ್‌ಗೆ ಬಂದ ಸಮಯವನ್ನು ಒತ್ತುವವರು ಯಾರು?

ಮಾಸ್‌ವ್ಲಾಕ್ಟೆ ಮಂಜ

ದಾವಣಗೆರೆಯವನು, ಈಗ ರಾಟರ್‌ಡ್ಯಾಮ್‌ನಲ್ಲಿ ಫ್ರೈಟ್ ಫಾರ್ವರ್ಡಿಂಗ್ ಕೆಲಸ, ಅಂದರೆ ಗಿರಾಕಿಗಳ ಸರಕಿಗೆ ಸಾಗಣೆ ಹೊಂದಿಸಿ ಕಳಿಸುವುದು. ಈ ವಿಷಯದ ದೊಡ್ಡ ಕಥೆ ನಮ್ಮ ಕಣ್ಣೆದುರೇ ನಡೆದು ಹೋಯಿತು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

2014ರಲ್ಲಿ ಮೆರ್ಸ್ಕ್ ಅನ್ನುವ ಹಡಗು ಕಂಪನಿ ಪೂರ್ವ ಆಫ್ರಿಕಾದಿಂದ ಯುರೋಪ್‌ಗೆ ಹೋಗುವ ಒಂದು ತಂಪು ಕಂಟೇನರಿನ ಹಿಂದೆ ಬಿದ್ದು ಕಾಗದಪತ್ರ ಎಣಿಸಿತು. ಸುಮಾರು 30 ಜನ ಮತ್ತು ಸಂಸ್ಥೆಗಳು, ಅವರ ನಡುವೆ 200ಕ್ಕೂ ಹೆಚ್ಚು ಸಲ ಪತ್ರ, ಮೇಲ್, ಫೋನ್ ಓಡಾಟ. ಸರಕು ರೆಡಿ ಇದ್ದರೂ ಯಾವುದೋ ಒಂದು ಕಾಗದ ಯಾರದೋ ಟೇಬಲ್ ಮೇಲೆ ಕೂತಿದೆ ಅಂತ ಕಂಟೇನರ್ ನಿಲ್ಲುವುದು ನಮ್ಮ ಲೈನಿನಲ್ಲಿ ದಿನದ ಕಥೆ.

ಇದನ್ನು ಸರಿ ಮಾಡುತ್ತೇವೆ ಅಂತ ಮೆರ್ಸ್ಕ್ ಮತ್ತು ಐಬಿಎಂ ಸೇರಿ ಟ್ರೇಡ್‌ಲೆನ್ಸ್ ಅನ್ನುವ ಬ್ಲಾಕ್‌ಚೈನ್ ವೇದಿಕೆ ಕಟ್ಟಿದರು. 2018ರ ಜನವರಿಯಲ್ಲಿ ಘೋಷಣೆ, ಆಗಸ್ಟ್‌ನಲ್ಲಿ ಆ ಹೆಸರು ಬಂತು. ಪುಟ್ಟ ಹೇಳಿದ ಅದೇ ಹೈಪರ್‌ಲೆಡ್ಜರ್ ಫ್ಯಾಬ್ರಿಕ್. ಟೆಕ್ನಾಲಜಿ ಚೆನ್ನಾಗೇ ಇತ್ತು. ತೊಂದರೆ ಬೇರೆ ಕಡೆ. ಹಡಗಿನ ಧಂದೆಯಲ್ಲಿ ದೊಡ್ಡ ಆಟಗಾರನಾದ ಮೆರ್ಸ್ಕ್ ಕಟ್ಟಿದ ಪುಸ್ತಕದಲ್ಲಿ ಅದರ ಎದುರಾಳಿಗಳು ತಮ್ಮ ಗಿರಾಕಿಗಳ ಲೆಕ್ಕ ಯಾಕೆ ಬರೆಯುತ್ತಾರೆ? 2019ರಲ್ಲಿ ಎಂಎಸ್‌ಸಿ, ಸಿಎಂಎ ಸಿಜಿಎಂ ಸೇರುತ್ತೇವೆ ಅಂದರು. ಹಪಾಗ್ ಲಾಯ್ಡ್ ಕೂಡ ಬಂತು. ಹೆಸರುಗಳ ಪಟ್ಟಿ ಬೆಳೆಯಿತು, ವ್ಯಾಪಾರ ಬೆಳೆಯಲಿಲ್ಲ. 2022ರ ನವೆಂಬರ್‌ನಲ್ಲಿ ಮುಚ್ಚುತ್ತೇವೆ ಅಂತ ಘೋಷಿಸಿದರು, 2023ರ ಮೊದಲ ತ್ರೈಮಾಸಿಕದಲ್ಲಿ ಬಾಗಿಲು ಹಾಕಿತು. ಅವರೇ ಕೊಟ್ಟ ಕಾರಣ: ಇಡೀ ಉದ್ಯಮದ ಸಹಕಾರ ಸಿಗಲಿಲ್ಲ.

ಮೆರ್ಸ್ಕ್‌ನಂಥವರ ಗತಿಯೇ ಇದು. ಹಾಸನದ ಅಣ್ಣ, ನಿಮ್ಮ ಪಾರ್ಟಿಯ ಪ್ಲಾಟ್‌ಫಾರ್ಮ್ ಇನ್ನು ಎರಡು ವರ್ಷದಲ್ಲಿ ಮುಚ್ಚಿದರೆ ನಿಮ್ಮ ಹಳೇ ಪಿಒಡಿಗಳು ಎಲ್ಲಿರುತ್ತವೆ ಅಂತಲೂ ಕೇಳಿಕೊಳ್ಳಿ.

ಚೈನ್ ಚೆಲುವ

ಟ್ರೇಡ್‌ಲೆನ್ಸ್ ಸತ್ತರೆ ಟೆಕ್ನಾಲಜಿಯೇ ಸತ್ತ ಹಾಗಾ? ಜಿಎಸ್‌ಬಿಎನ್ ಅನ್ನುವ ಬ್ಲಾಕ್‌ಚೈನ್ ಜಾಲದ ಬಗ್ಗೆ ಯಾಕೆ ಹೇಳಲಿಲ್ಲ? ಕಾಸ್ಕೋ, ಒಒಸಿಎಲ್, ಹಪಾಗ್ ಲಾಯ್ಡ್ ಥರದ ಹಡಗು ಕಂಪನಿಗಳೆಲ್ಲ ಸೇರಿ 2021ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಶುರು ಮಾಡಿದ್ದು. ಶಾಂಘೈಯಲ್ಲಿ ಇಂಪೋರ್ಟ್ ಸರಕು ಬಿಡಿಸಿಕೊಳ್ಳುವುದು ಅದರ ಮೇಲೆ ಕಾಗದ ಇಲ್ಲದೆ ನಡೆಯುತ್ತಿದೆ.

ಮಾಸ್‌ವ್ಲಾಕ್ಟೆ ಮಂಜ

ಒಪ್ಪಿದೆ. ಅದನ್ನು ಲಾಭಕ್ಕಲ್ಲದ ಸಂಸ್ಥೆ ಅಂತ ನೋಂದಾಯಿಸಿದ್ದಾರೆ, ಒಬ್ಬರ ಜೇಬಿನದಲ್ಲ. ಕೆಲಸವನ್ನೂ ಒಂದೇ ಒಂದು ಜಾಗಕ್ಕೆ ಕಟ್ಟಿ ಹಾಕಿದರು, ಬಂದರಿನಲ್ಲಿ ಸರಕು ಬಿಡುಗಡೆ. ಟ್ರೇಡ್‌ಲೆನ್ಸ್ ಥರ ಜಗತ್ತನ್ನೇ ಹೊತ್ತುಕೊಳ್ಳಲು ಹೋಗಲಿಲ್ಲ. ಉಳಿದಿರುವುದಕ್ಕೆ ನನ್ನ ಲೆಕ್ಕದಲ್ಲಿ ಅದೇ ಕಾರಣ.

ಪಣಂಬೂರು ಗೇಟ್

ಮಾರಾಯ್ರೆ, ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಮಂಗಳೂರಲ್ಲಿ ಕಸ್ಟಮ್ಸ್ ಬ್ರೋಕರ್ ಆಫೀಸಿನಲ್ಲಿ ಕೆಲಸ. ಬ್ಲಾಕ್‌ಚೈನ್ ಅಂದ ತಕ್ಷಣ ನಗುವವರಿಗೆ ನಾನೊಂದು ಉದಾಹರಣೆ ಕೊಡುತ್ತೇನೆ. ಈಜಿಪ್ಟ್.

2021ರ ಅಕ್ಟೋಬರ್‌ನಿಂದ ಹಡಗಿನಲ್ಲಿ ಈಜಿಪ್ಟಿಗೆ ಏನೇ ಹೋಗಬೇಕಾದರೂ ಮೊದಲು ಅಲ್ಲಿನ ಖರೀದಿದಾರ ನಫೀಜಾ ಅನ್ನುವ ಪೋರ್ಟಲ್‌ನಲ್ಲಿ 19 ಅಂಕಿಯ ಎಸಿಐಡಿ ನಂಬರ್ ತೆಗೆದು ನಮಗೆ ಕಳಿಸಬೇಕು. ನಾವು ಇನ್ವಾಯ್ಸ್, ಬಿಎಲ್ (ಬಿಲ್ ಆಫ್ ಲೇಡಿಂಗ್, ಹಡಗಿನವರು ಕೊಡುವ ಸರಕಿನ ಪತ್ರ) ಎಲ್ಲ ಕಾರ್ಗೋಎಕ್ಸ್ ಅನ್ನುವ ವೇದಿಕೆ ಮೂಲಕ ಏರಿಸಬೇಕು. ಅದು ಸ್ಲೊವೇನಿಯಾದ ಕಂಪನಿ, ಎಥಿರಿಯಂ ಅನ್ನುವ ಬ್ಲಾಕ್‌ಚೈನ್ ಮೇಲೆ ಕಟ್ಟಿದ್ದು. ನಂಬರ್ ಇಲ್ಲದ ಸರಕಿಗೆ ಅಲ್ಲಿ ಪ್ರವೇಶ ಇಲ್ಲ. ಶುರುವಿನಲ್ಲಿ ಎಲ್ಲರೂ ಬೈದುಕೊಂಡೇ ಕಲಿತರು. ಈಗ ಅದು ಬ್ಲಾಕ್‌ಚೈನ್ ಅಂತ ಯಾರಿಗೂ ನೆನಪೂ ಇಲ್ಲ, ಇನ್ನೊಂದು ಲಾಗಿನ್ ಅಷ್ಟೇ.

ಅದು ಓಡಿದ್ದು ಯಾಕೆ ಅಂದರೆ ಒಂದು ದೇಶದ ಕಸ್ಟಮ್ಸ್ "ಇಲ್ಲದಿದ್ದರೆ ಬರಬೇಡಿ" ಅಂದಿದ್ದಕ್ಕೆ. ಮೆರ್ಸ್ಕ್‌ಗೆ ಹಾಗೆ ಹೇಳುವ ಅಧಿಕಾರ ಇರಲಿಲ್ಲ.

ಇದೇ ಮಾತು ನಮ್ಮ ಇ-ವೇ ಬಿಲ್‌ಗೂ (ಸರಕು ಸಾಗಿಸಲು ಜಿಎಸ್‌ಟಿಯವರ ಪೋರ್ಟಲ್‌ನಲ್ಲಿ ತೆಗೆಯುವ ಬಿಲ್) ಸಲ್ಲುತ್ತದೆ. 2018ರ ಏಪ್ರಿಲ್ 1ಕ್ಕೆ ರಾಜ್ಯದೊಳಗಿನ ಸಾಗಣೆಗೂ ಅದನ್ನು ತಂದ ಮೊದಲ ರಾಜ್ಯ ಕರ್ನಾಟಕ. ಅದಕ್ಕೂ ಮುಂಚೆ ನಮ್ಮಲ್ಲಿ ಇ-ಸುಗಮ್ ಅಂತ ಅಂಥದ್ದೇ ವ್ಯವಸ್ಥೆ ಇತ್ತಲ್ಲ, ಅಭ್ಯಾಸ ಆಗಿತ್ತು. ಅದರಲ್ಲಿ ಬ್ಲಾಕ್‌ಚೈನೂ ಇಲ್ಲ, ಗಿಲಾಕ್‌ಚೈನೂ ಇಲ್ಲ. ಸರ್ಕಾರದ ಸರ್ವರ್. 200 ಕಿಲೋಮೀಟರ್‌ಗೆ ಒಂದು ದಿನದ ಅವಧಿ, ಮುಗಿದರೆ ದಂಡ. ಎಲ್ಲರೂ ತೆಗೆಯುತ್ತಾರೆ.

ಫ್ಯಾಬ್ರಿಕ್ ಪುಟ್ಟ

ಪಣಂಬೂರು ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಲ್ಲರೂ ನಂಬುವ ಒಬ್ಬ ಯಜಮಾನ ಇದ್ದಾಗ ಬ್ಲಾಕ್‌ಚೈನ್ ಬೇಕಾಗುವುದೇ ಇಲ್ಲ. ಯುರೋಪ್‌ಗೆ ಹೋಗುವ ದ್ರಾಕ್ಷಿಗೆ ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ ಅಪೆಡಾ 2006ರಲ್ಲೇ ಗ್ರೇಪ್‌ನೆಟ್ ಮಾಡಿತು. ತೋಟದ ನೋಂದಣಿಯಿಂದ ಲ್ಯಾಬ್ ರಿಪೋರ್ಟ್, ಪ್ಯಾಕ್ ಹೌಸ್, ಕಂಟೇನರ್ ತನಕ ಜಾಡು ಸಿಗುತ್ತದೆ. ಮಾಮೂಲಿ ಡೇಟಾಬೇಸ್. ಬ್ಲಾಕ್‌ಚೈನ್ ಅನ್ನುವ ಮಾತೇ ಹುಟ್ಟಿರಲಿಲ್ಲ.

ಮೂಡಿಗೆರೆ ತೋಟದವಳು

ಕಾಫಿ ಅಂದ ಮೇಲೆ ನಾನೂ ಬಾಯಿ ಹಾಕಬೇಕಲ್ಲ. 2019ರ ಮಾರ್ಚ್‌ನಲ್ಲಿ ಕಾಫಿ ಬೋರ್ಡ್ ಬ್ಲಾಕ್‌ಚೈನ್ ಮಾರುಕಟ್ಟೆ ಅಂತ ಒಂದು ಪ್ರಯೋಗ ಶುರು ಮಾಡಿತು. ಬೆಂಗಳೂರಿನ ಎಕಾ ಕಂಪನಿ ಮಾಡಿದ ಆ್ಯಪ್. ಬೆಳೆಗಾರ ನೇರವಾಗಿ ಎಕ್ಸ್‌ಪೋರ್ಟರ್, ರೋಸ್ಟರ್ ಜೊತೆ ವ್ಯವಹರಿಸಬಹುದು, ಕುಡಿಯುವವನಿಗೆ ಯಾವ ತೋಟದ್ದು ಅಂತ ಗೊತ್ತಾಗಬೇಕು ಅನ್ನುವ ಆಸೆ. ಆಸೆ ಒಳ್ಳೆಯದೇ.

ಆದರೆ ನಮ್ಮ ಚೀಲ ಹೋಗುವ ದಾರಿ ನೋಡಿ. ಸಣ್ಣ ಬೆಳೆಗಾರರು ಒಣಗಿಸಿದ ಚೆರಿಯನ್ನು 50 ಕೆಜಿ ಚೀಲದಲ್ಲಿ ಊರಿನ ವ್ಯಾಪಾರಿಗೆ ಹಾಕುತ್ತಾರೆ. ಅವರ ಗೋಡೌನ್‌ನಲ್ಲಿ ನನ್ನ ಚೀಲ, ಪಕ್ಕದ ಮನೆಯವರ ಚೀಲ, ಕಳಸದ ಚೀಲ ಎಲ್ಲ ಒಂದೇ ರಾಶಿ. ಅದು ಕ್ಯೂರಿಂಗ್‌ಗೆ ಹೋಗುತ್ತದೆ. ಸಿಪ್ಪೆ ತೆಗೆದ ಮೇಲೆ ಜರಡಿ ಹಿಡಿದು ಗಾತ್ರದ ಮೇಲೆ ಎಎ, ಎ, ಬಿ, ಪಿಬಿ ಅಂತ ಬೇರೆ ಮಾಡುತ್ತಾರೆ. ಒಂದೇ ಗಿಡದ ಕಾಫಿ ನಾಲ್ಕು ಕಡೆ ಹೋಯಿತು. ಆಮೇಲೆ ಒಂದೇ ಗ್ರೇಡಿನದನ್ನು ಒಟ್ಟು ಹಾಕಿ 60 ಕೆಜಿ ಎಕ್ಸ್‌ಪೋರ್ಟ್ ಚೀಲಕ್ಕೆ ತುಂಬುತ್ತಾರೆ. ಇಪ್ಪತ್ತು ಅಡಿ ಕಂಟೇನರಿಗೆ 320 ಚೀಲ. ಅದರೊಳಗೆ ನನ್ನದು ಎಷ್ಟು ಮುಷ್ಟಿ ಇದೆ ಅಂತ ಯಾವ ಕಂಪ್ಯೂಟರ್ ಹೇಳುತ್ತದೆ? ದೊಡ್ಡ ಎಸ್ಟೇಟಿನವರು ತಮ್ಮ ಲಾಟ್ ಬೇರೆಯಾಗಿ ಕ್ಯೂರ್ ಮಾಡಿಸುತ್ತಾರೆ, ಅವರಿಗೆ ಕ್ಯೂಆರ್ ಕೋಡ್ ಕಥೆ ಒಪ್ಪುತ್ತದೆ. ಎರಡು ಎಕರೆಯವರಿಗೆ ಪ್ರತ್ಯೇಕ ಕ್ಯೂರಿಂಗ್ ಕೂಲಿ ಕೊಟ್ಟು ಪೂರೈಸುವುದಿಲ್ಲ.

ಈಗ ಯುರೋಪಿನವರು ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬೇಡ ಅಂತ ಕಾನೂನು ಮಾಡಿದ್ದಾರೆ. 2023ರದ್ದು, ಜಾರಿಯನ್ನು ಎರಡು ಸಲ ಮುಂದೂಡಿದರು. ಅದಕ್ಕೆ ಪ್ರತಿ ಜಮೀನಿನ ಅಕ್ಷಾಂಶ ರೇಖಾಂಶ ಬೇಕು. ಹಾಗಾಗಿ ಜಾಡು ಹಿಡಿಯುವುದು ಇನ್ನು ಶೋಕಿಯ ಮಾತಲ್ಲ. ಆದರೆ ಆ ಕಾನೂನು ಬ್ಲಾಕ್‌ಚೈನ್ ಕೇಳಿಲ್ಲ, ಜಾಗದ ಲೆಕ್ಕ ಕೇಳಿದೆ.

ಹಾಸನ ಲೋಡ್

ಅಕ್ಕ, ನೀವು ಹೇಳಿದ 320 ಚೀಲದ ಕಂಟೇನರ್ ನಾವೇ ಇಳಿಸಿಕೊಂಡು ಹೋಗುವುದು. ಎಷ್ಟೋ ಸಲ ಘಾಟಿ ಇಳಿದಿದ್ದೇವೆ, ಒಳಗೆ ಜರಡಿಯ ಕಥೆ ಇಷ್ಟಿದೆ ಅಂತ ಯೋಚಿಸಿರಲಿಲ್ಲ.

ಬ್ಯಾಂಕ್ ಕಡೆಯವರು ಯಾರಾದರೂ ಇದ್ದೀರಾ? ದುಡ್ಡು ತಾನಾಗೇ ಬರುತ್ತದೆ ಅಂದನಲ್ಲ, ಅದು ಹೇಗೆ?

ರಿಟೈರ್ಡ್ ಎಲ್‌ಸಿ

ಬ್ಯಾಂಕಿನ ಟ್ರೇಡ್ ಫೈನಾನ್ಸ್ ವಿಭಾಗದಲ್ಲಿ ಸರ್ವೀಸ್ ಮುಗಿಸಿದವನು ನಾನು. ಮೊದಲು ಬ್ಲಾಕ್‌ಚೈನ್ ನಿಜಕ್ಕೂ ಎಲ್ಲಿ ಬೇಕು ಅಂತ ಹೇಳಿ, ಆಮೇಲೆ ನಿಮ್ಮ ದುಡ್ಡಿಗೆ ಬರುತ್ತೇನೆ.

ಬಿಲ್ ಆಫ್ ಲೇಡಿಂಗ್ ಅನ್ನುವುದು ಮಾಮೂಲಿ ರಸೀದಿ ಅಲ್ಲ. ಆರ್ಡರ್ ಬಿಎಲ್ ಆದರೆ ಅದು ಯಾರ ಕೈಯಲ್ಲಿದೆಯೋ ಸರಕು ಅವರದು. ಹಿಂದೆ ಸಹಿ ಹಾಕಿ ಇನ್ನೊಬ್ಬರಿಗೆ ಕೊಡಬಹುದು, ಅಡ ಇಟ್ಟು ಸಾಲ ತೆಗೆಯಬಹುದು. ಸಾಮಾನ್ಯವಾಗಿ ಮೂರು ಒರಿಜಿನಲ್ ಕೊಡುತ್ತಾರೆ, ಒಂದನ್ನು ತೋರಿಸಿ ಸರಕು ಬಿಡಿಸಿದರೆ ಉಳಿದೆರಡಕ್ಕೆ ಬೆಲೆ ಇಲ್ಲ. ಮಂಗಳೂರಿಂದ ಗಲ್ಫ್‌ಗೆ ಹಡಗು ಕೆಲವೇ ದಿನದಲ್ಲಿ ಮುಟ್ಟುತ್ತದೆ. ಈ ಕಾಗದ ಎಕ್ಸ್‌ಪೋರ್ಟರ್‌ನಿಂದ ನಮ್ಮ ಬ್ಯಾಂಕಿಗೆ, ನಾವು ಪರಿಶೀಲಿಸಿ ಕೊರಿಯರ್‌ನಲ್ಲಿ ಅಲ್ಲಿನ ಬ್ಯಾಂಕಿಗೆ, ಅಲ್ಲಿಂದ ಖರೀದಿದಾರನಿಗೆ. ಹಡಗು ಬಂದು ಕೂತಿರುತ್ತದೆ, ಕಾಗದ ದಾರಿಯಲ್ಲೇ ಇರುತ್ತದೆ. ಡೆಮರೇಜ್, ಅಂದರೆ ಸರಕು ಬಿಡಿಸಲು ತಡವಾದದ್ದಕ್ಕೆ ಕಟ್ಟುವ ದುಡ್ಡು, ಏರುತ್ತದೆ. ಕೊನೆಗೆ ನಷ್ಟವಾದರೆ ನಾವೇ ಹೊಣೆ ಅಂತ ಇಂಡೆಮ್ನಿಟಿ ಪತ್ರ ಬರೆದುಕೊಟ್ಟು ಬಿಡಿಸಿಕೊಳ್ಳುತ್ತಾರೆ.

ಇದನ್ನು ಡಿಜಿಟಲ್ ಮಾಡಲು ಇರುವ ತೊಡಕು ಒಂದೇ. ಪಿಡಿಎಫ್ ಅಂದರೆ ನೂರು ಪ್ರತಿ ತೆಗೆಯಬಹುದು. ಬಿಎಲ್ ಒಬ್ಬರ ಕೈಯಲ್ಲಿ ಮಾತ್ರ ಇರಬೇಕು. "ಈಗ ಇದರ ಒಡೆಯ ಇವನೊಬ್ಬನೇ" ಅಂತ ಪರಸ್ಪರ ನಂಬದ ಹಲವರು ಸೇರಿ ದಾಖಲೆ ಇಡುವುದಕ್ಕೆ ಬ್ಲಾಕ್‌ಚೈನ್ ಹೇಳಿ ಮಾಡಿಸಿದ ಹಾಗಿದೆ. ಅದೊಂದೇ ದಾರಿ ಅಂತ ಮಾತ್ರ ಅಂದುಕೊಳ್ಳಬೇಡಿ. ಬೊಲೆರೊ ಅನ್ನುವ ವ್ಯವಸ್ಥೆ 1999ರಿಂದ ಬ್ಲಾಕ್‌ಚೈನ್ ಇಲ್ಲದೆ ಇದನ್ನು ಮಾಡುತ್ತಿತ್ತು. ಅಡ್ಡಿಯಾಗಿದ್ದು ಕಾನೂನು. ಬ್ರಿಟನ್ 2023ರ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ದಾಖಲೆಗೂ ಕಾಗದದಷ್ಟೇ ಬೆಲೆ ಅಂತ ಕಾನೂನು ಜಾರಿ ಮಾಡಿತು. ದೊಡ್ಡ ಕಂಟೇನರ್ ಕಂಪನಿಗಳು 2030ರೊಳಗೆ ಪೂರ್ತಿ ಎಲೆಕ್ಟ್ರಾನಿಕ್ ಬಿಎಲ್‌ಗೆ ಹೋಗುತ್ತೇವೆ ಅಂತ ಮಾತು ಕೊಟ್ಟಿವೆ. ನಮ್ಮಲ್ಲಿ 1856ರ ಕಾಯ್ದೆ ಹೋಗಿ 2025ರಲ್ಲಿ ಹೊಸ ಬಿಲ್ಸ್ ಆಫ್ ಲೇಡಿಂಗ್ ಕಾಯ್ದೆ ಬಂತು. ಎಲೆಕ್ಟ್ರಾನಿಕ್ ಬಿಎಲ್ ಬಗ್ಗೆ ಬಿಡಿಸಿ ಒಂದು ಮಾತು ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು, ಹೇಳಿಲ್ಲ.

ನಿಮ್ಮ ಎಲ್‌ಆರ್ ಆ ಥರದ ಕಾಗದ ಅಲ್ಲ. ಹಾಸನದಿಂದ ಬೆಂಗಳೂರಿಗೆ ಹೋಗುವ ಬಿಸ್ಕತ್ತನ್ನು ನಡುದಾರಿಯಲ್ಲಿ ಯಾರೂ ಎಲ್‌ಆರ್ ಕೈ ಬದಲಿಸಿ ಮಾರುವುದಿಲ್ಲ. ಹಾಗಾಗಿ ಅಲ್ಲಿ ಈ ಭಾರಿ ಯಂತ್ರಕ್ಕೆ ಕೆಲಸ ಕಮ್ಮಿ.

ಲೆಕ್ಕದ ಶೀನಿ

ಸರ್, ಬ್ಯಾಂಕ್‌ಗಳೇ ಕಟ್ಟಿದ ಬ್ಲಾಕ್‌ಚೈನ್‌ಗಳೂ ಮುಚ್ಚಿದವಲ್ಲ? ವಿ.ಟ್ರೇಡ್ 2022ರಲ್ಲಿ, ಮಾರ್ಕೊ ಪೋಲೊ 2023ರಲ್ಲಿ ದಿವಾಳಿ.

ರಿಟೈರ್ಡ್ ಎಲ್‌ಸಿ

ಹೌದು. ಕಾಂಟೂರ್ ಕೂಡ ಅದೇ 2023ರಲ್ಲಿ ನಿಲ್ಲಿಸುತ್ತೇವೆ ಅಂತ ಹೇಳಿತು. ಒಂದೊಂದು ಗುಂಪೂ ತನ್ನದೇ ಮನೆ ಕಟ್ಟಿಕೊಂಡು ಗಿರಾಕಿಗೆ ನಾಲ್ಕು ಲಾಗಿನ್ ಕೊಟ್ಟರೆ ಇನ್ನೇನಾಗುತ್ತದೆ.

ಆದರೆ ಸದ್ದಿಲ್ಲದೆ ನಡೆದ ಒಂದು ಕೆಲಸ ಇದೆ, ಲಾರಿಯವರಿಗೂ ಸಂಬಂಧಪಟ್ಟದ್ದು. ಟ್ರೆಡ್ಸ್ ಗೊತ್ತಲ್ಲ? ನೀವು ದೊಡ್ಡ ಕಂಪನಿಗೆ ಹಾಕಿದ ಬಿಲ್ ಅಲ್ಲಿ ಏರಿಸಿದರೆ, ಆ ಕಂಪನಿ ಒಪ್ಪಿದ ಮೇಲೆ ಬ್ಯಾಂಕ್‌ಗಳು ಬಿಡ್ ಮಾಡಿ ದುಡ್ಡು ಮುಂಚೆಯೇ ಕೊಡುತ್ತವೆ, ಬಡ್ಡಿ ಕಳೆದು. ಅಂಥ ಎಕ್ಸ್‌ಚೇಂಜ್ ಮೂರು ಇದ್ದವು. ಒಂದೇ ಬಿಲ್ಲನ್ನು ಮೂರೂ ಕಡೆ ಏರಿಸಿ ಮೂರು ಸಲ ದುಡ್ಡು ಎತ್ತಿದರೆ? ಗಿರಾಕಿಯ ಗುಟ್ಟು ಒಬ್ಬರು ಇನ್ನೊಬ್ಬರಿಗೆ ಹೇಳುವ ಹಾಗೂ ಇಲ್ಲ. ಅದಕ್ಕೆ 2018ರಲ್ಲಿ ಮೊನೆಟಾಗೊ ಅನ್ನುವ ಬ್ಲಾಕ್‌ಚೈನ್ ಜಾಲಕ್ಕೆ ಮೂವರೂ ಸೇರಿದರು. ಬಿಲ್ ತೋರಿಸದೆ ಅದರ ಗುರುತಿನ ಸಂಖ್ಯೆ ಮಾತ್ರ ತಾಳೆ ನೋಡುವುದು. ಪುಟ್ಟ ಹೇಳಿದ ಹ್ಯಾಶ್ ಕೆಲಸಕ್ಕೆ ಬಂದದ್ದು ಹೀಗೆ. ಇದಕ್ಕೆ ಯಾರೂ ಸಮ್ಮೇಳನ ಮಾಡಲಿಲ್ಲ.

ಚೈನ್ ಚೆಲುವ

ಹಾಗಾದರೆ ಮೋಸ ನಿಲ್ಲುತ್ತದೆ ಅಂತ ನೀವೇ ಒಪ್ಪಿದಿರಿ.

ರಿಟೈರ್ಡ್ ಎಲ್‌ಸಿ

ಕಾಗದದ ಮೋಸ ನಿಲ್ಲುತ್ತದೆ ತಮ್ಮಾ. 2014ರಲ್ಲಿ ಚೀನಾದ ಚಿಂಗ್‌ಡಾವ್ ಬಂದರಿನಲ್ಲಿ ಒಂದೇ ಲೋಹದ ರಾಶಿಗೆ ಹಲವು ಗೋಡೌನ್ ರಸೀದಿ ಮಾಡಿಸಿ ಹಲವು ಬ್ಯಾಂಕ್‌ನಲ್ಲಿ ಸಾಲ ಎತ್ತಿದ್ದರು. ಒಂದೇ ಪುಸ್ತಕ ಎಲ್ಲರ ಬಳಿ ಇದ್ದಿದ್ದರೆ ಅದು ಕಷ್ಟವಾಗುತ್ತಿತ್ತು. ಸರಕಿನ ಮೋಸ ಹೇಗೆ ನಿಲ್ಲುತ್ತದೆ? ಅದನ್ನು ನಮ್ಮ ಮಂಜ ಹೇಳಲಿ, ಅವರ ಊರಿನ ಕಥೆ.

ಮಾಸ್‌ವ್ಲಾಕ್ಟೆ ಮಂಜ

ನಿಕ್ಕಲ್ ಕಥೆ ತಾನೇ! 2023ರ ಮಾರ್ಚ್. ಇಲ್ಲಿ ರಾಟರ್‌ಡ್ಯಾಮ್‌ನ ಒಂದು ಗೋಡೌನ್‌ನಲ್ಲಿ ಲಂಡನ್ ಮೆಟಲ್ ಎಕ್ಸ್‌ಚೇಂಜ್ ದಾಖಲೆಯಲ್ಲಿದ್ದ 54 ಟನ್ ನಿಕ್ಕಲ್. ಚೀಲ ಬಿಚ್ಚಿದರೆ ಕಲ್ಲು. ಅದಕ್ಕೂ ಒಂದು ತಿಂಗಳ ಮುಂಚೆ ಟ್ರಾಫಿಗುರಾ ಕಂಪನಿ ತಾನು ಕೊಂಡ ನಿಕ್ಕಲ್ ಕಂಟೇನರ್‌ಗಳಲ್ಲಿ ನಿಕ್ಕಲ್ಲೇ ಇಲ್ಲ ಅಂತ 57.7 ಕೋಟಿ ಡಾಲರ್ ನಷ್ಟ ಬರೆದುಕೊಂಡಿತ್ತು. ಕಾಗದ ಎಲ್ಲ ಅಚ್ಚುಕಟ್ಟು. ಒಳಗೆ ಏನಿದೆ ಅಂತ ಯಾರೋ ಒಬ್ಬರು ಕತ್ತರಿ ಹಿಡಿದು ಚೀಲ ಬಿಚ್ಚಲೇಬೇಕು.

ಶಿರಾಡಿ ಘಾಟ್

ಅಲ್ಲಿಗೆ ಎಲ್ಲ ಒಂದೇ. ಶಾರ್ಟೇಜ್ ಬಂದರೆ ಮೊದಲು ಡ್ರೈವರ್ ಮೇಲೇ ಬರುತ್ತದೆ. ಲೋಡ್ ಮಾಡುವಾಗ ಬಾಕ್ಸ್ ಎಣಿಸಲು ನಮ್ಮನ್ನು ಒಳಗೇ ಬಿಡುವುದಿಲ್ಲ, ಇಳಿಸುವಾಗ ಎರಡು ಕಮ್ಮಿ ಅನ್ನುತ್ತಾರೆ. ಇನ್ನು ಆ್ಯಪ್‌ನಲ್ಲಿ ಲೋಡಿಂಗ್ ಓಕೆ ಅಂತ ನಾನೇ ಒತ್ತಬೇಕಂತೆ. ಎಣಿಸದೆ ಒತ್ತಿದರೆ ಅದು ನನ್ನ ಸಹಿ ಆಯಿತಲ್ಲ? ಒತ್ತದಿದ್ದರೆ ಗಾಡಿ ಬಿಡುವುದಿಲ್ಲ. ಘಾಟಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ ಅನ್ನುವುದು ಬೇರೆ ವಿಷಯ.

ಫ್ಯಾಬ್ರಿಕ್ ಪುಟ್ಟ

ಶಿರಾಡಿ ಅಣ್ಣ ಹೇಳಿದ್ದು ಈ ಚರ್ಚೆಯಲ್ಲೇ ತೂಕದ ಮಾತು. ಕಾಗದದ ಎಲ್‌ಆರ್ ಮೇಲೆ ಡ್ರೈವರ್ "ಎಣಿಸಿಲ್ಲ" ಅಂತ ಪೆನ್ನಲ್ಲಿ ಗೀಚಬಹುದು. ಆ್ಯಪ್‌ನಲ್ಲಿ ಹಸಿರು ಬಟನ್ ಒಂದೇ ಇದ್ದರೆ ಆ ದಾರಿಯೂ ಮುಚ್ಚಿತು. ಸೀಲ್ ಹಾಕಿದ ಗಾಡಿ, ಎಣಿಕೆ ನೋಡಿಲ್ಲ ಅಂತ ಬರೆಯಲು ಜಾಗ ಇದೆಯಾ ಅಂತ ಕೇಳಲೇಬೇಕು.

ಈಗ ಹಾಸನದ ಅಣ್ಣನಿಗೆ ಒಳ್ಳೆಯ ಸುದ್ದಿಯನ್ನೂ ಹೇಳುತ್ತೇನೆ, ಪೂರ್ತಿ ತಣ್ಣೀರೆರಚಿದ ಹಾಗೆ ಆಗಬಾರದು. ನಿಮ್ಮದೇ ಜಗಳ ಕೆನಡಾದಲ್ಲಿ ಪರಿಹಾರ ಆಗಿದೆ. ವಾಲ್‌ಮಾರ್ಟ್ ಕೆನಡಾಕ್ಕೆ ಸರಕು ಸಾಗಿಸುವ ಹೊರಗಿನ ಕಂಪನಿಗಳು ಸುಮಾರು 70. ಅವರು ಹಾಕುವ ಬಿಲ್‌ಗಳಲ್ಲಿ ನೂರಕ್ಕೆ 70ರ ತನಕ ತಕರಾರು ಬೀಳುತ್ತಿತ್ತಂತೆ. ಡೀಸೆಲ್ ಎಷ್ಟು, ಎಷ್ಟು ಹೊತ್ತು ನಿಂತಿತು, ಎಲ್ಲಿ ಸುತ್ತಿ ಹೋಯಿತು ಅಂತ ಇಬ್ಬರ ಲೆಕ್ಕವೂ ಬೇರೆ. ಡಿಎಲ್‌ಟಿ ಲ್ಯಾಬ್ಸ್ ಜೊತೆ ಸೇರಿ 2019ರಲ್ಲಿ ಒಂದು ಸಾಗಣೆ ಕಂಪನಿಯೊಂದಿಗೆ ಬ್ಲಾಕ್‌ಚೈನ್ ಪ್ರಯೋಗ ಮಾಡಿ, 2021ರ ಹೊತ್ತಿಗೆ ಎಲ್ಲ ಸಾಗಣೆದಾರರಿಗೂ ತಂದರು. ತಕರಾರು ನೂರಕ್ಕೆ ಎರಡಕ್ಕಿಂತ ಕೆಳಗೆ ಇಳಿಯಿತು.

ಹೇಗೆ ಅಂದರೆ, ಯಾವುದಕ್ಕೆ ಎಷ್ಟು ದುಡ್ಡು ಅನ್ನುವ ನಿಯಮವನ್ನು ಮೊದಲೇ ಇಬ್ಬರೂ ಒಪ್ಪಿ ಕೋಡ್ ಮಾಡಿದರು. ಟ್ರಿಪ್ ನಡೆಯುವಾಗಲೇ ಮಾಹಿತಿ ತಾನಾಗಿ ಬಂದು ಬೀಳುತ್ತಾ ಬಿಲ್ ಬೆಳೆಯುತ್ತದೆ. ಕೊನೆಗೆ ಬಿಲ್ ಕೈಗೆ ಬಂದಾಗ ಇಬ್ಬರಿಗೂ ಅದು ಹೊಸದಲ್ಲ. ಗೇಟಿನ ಸಮಯವನ್ನು ಗೋಡೌನಿನವರ ಬೆರಳಿಗೆ ಬಿಡಬೇಡಿ. ಗಾಡಿಯ ಜಿಪಿಎಸ್ ಗೇಟಿನ ಸುತ್ತಲಿನ ಗಡಿ ದಾಟಿದ ಕ್ಷಣವೇ ಲೆಕ್ಕ ಶುರು ಅಂತ ಒಪ್ಪಂದ ಇರಲಿ. ಆ ಒಪ್ಪಂದ ಇದ್ದರೆ ಎಕ್ಸೆಲ್‌ನಲ್ಲೂ ಗೆಲ್ಲುತ್ತೀರಿ. ಇಲ್ಲದಿದ್ದರೆ ಯಾವ ಚೈನೂ ಉಳಿಸುವುದಿಲ್ಲ.

ಪಣಂಬೂರು ಗೇಟ್

ಇನ್ನೊಂದು ಗುಟ್ಟಿನ ವಿಷಯ, ಯಾರೂ ಬಾಯಿ ಬಿಡುತ್ತಿಲ್ಲ. ಹಾಸನದವರು ಸೀಸನ್‌ನಲ್ಲಿ ಮಾರ್ಕೆಟ್ ಗಾಡಿ ಹಿಡಿಯುತ್ತೇನೆ ಅಂದರಲ್ಲ. ಪಾರ್ಟಿಯ ರೇಟ್ ಒಂದು, ಗಾಡಿ ಓನರ್‌ಗೆ ಕೊಡುವ ರೇಟ್ ಇನ್ನೊಂದು. ಎಲ್ಲರಿಗೂ ಎಲ್ಲವೂ ಕಾಣುವ ಪುಸ್ತಕ ಅಂದರೆ ಆ ನಡುವಿನ ಲೆಕ್ಕವೂ ಕಾಣುತ್ತದಾ? ನಮ್ಮ ಧಂದೆಯ ಅರ್ಧ ಜನ ಬ್ಲಾಕ್‌ಚೈನ್ ಅಂದರೆ ಮುಖ ತಿರುಗಿಸುವುದು ಇದಕ್ಕೇ, ಟೆಕ್ನಾಲಜಿ ಅರ್ಥವಾಗದೆ ಅಲ್ಲ.

ಫ್ಯಾಬ್ರಿಕ್ ಪುಟ್ಟ

ಫ್ಯಾಬ್ರಿಕ್‌ನಲ್ಲಿ ಚಾನಲ್ ಅಂತ ಬೇರೆ ಬೇರೆ ಕೋಣೆ ಮಾಡಬಹುದು. ನೀವು ಮತ್ತು ಗಾಡಿ ಓನರ್ ನಡುವಿನದು ಪಾರ್ಟಿಗೆ ಕಾಣದ ಹಾಗೆ ಇಡಬಹುದು. ಮಾಡಿದ್ದಾರಾ ಅನ್ನುವುದು ಬೇರೆ ಪ್ರಶ್ನೆ.

ಲೆಕ್ಕದ ಶೀನಿ

ತುಮಕೂರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ, ಟ್ರಾನ್ಸ್‌ಪೋರ್ಟಿನವರೂ ಗಿರಾಕಿಗಳಿದ್ದಾರೆ. ಹಾಸನದವರೇ, "ತಾನಾಗೇ ದುಡ್ಡು" ಸುಳ್ಳು ಅಂತ ಹೇಳುವುದಿಲ್ಲ, ಆದರೆ ಅದಕ್ಕೆ ಪಾರ್ಟಿಯ ಬ್ಯಾಂಕ್ ಖಾತೆ ಜೋಡಿಸಿರಬೇಕು. ಮೂರು ತಿಂಗಳು ಕ್ರೆಡಿಟ್ ಅಂತ ಒಪ್ಪಂದದಲ್ಲಿ ಇದ್ದರೆ ಕೋಡ್ ಕೂಡ ಮೂರು ತಿಂಗಳು ಕಾದೇ ಕಳಿಸುತ್ತದೆ.

ನಿಮಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳು ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಇದೆಯಾ? ಸೂಕ್ಷ್ಮ ಅಥವಾ ಸಣ್ಣ ಉದ್ಯಮ ಆಗಿದ್ದರೆ ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ಆದಾಯ ತೆರಿಗೆಗೆ ಸೇರಿಸಿದ 43ಬಿ(ಎಚ್) ನಿಯಮದ ಪ್ರಕಾರ ಆ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಪಾರ್ಟಿಯವರು ಆ ವರ್ಷದ ಖರ್ಚಿನಲ್ಲಿ ತೋರಿಸುವ ಹಾಗಿಲ್ಲ, ಕೊಟ್ಟ ವರ್ಷದಲ್ಲೇ ತೋರಿಸಬೇಕು. ಮಾರ್ಚ್ ಹತ್ತಿರ ಬಂದಾಗ ದೊಡ್ಡ ಕಂಪನಿಗಳ ಅಕೌಂಟ್ಸಿನವರೇ ಫೋನ್ ಮಾಡಿ ಉದ್ಯಮ್ ಸರ್ಟಿಫಿಕೇಟ್ ಕೇಳುತ್ತಾರೆ. ಟ್ರೆಡ್ಸ್‌ಗೆ ಈಗ 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು ಸೇರಲೇಬೇಕು. ನಿಮ್ಮ ಪಾರ್ಟಿ ಅದರಲ್ಲಿದ್ದರೆ ಬಿಲ್ ಅಲ್ಲಿಗೇ ಏರಿಸಿ.

ಹಾಸನ ಲೋಡ್

ಎಲ್ಲರಿಗೂ ಥ್ಯಾಂಕ್ಸ್. ಆ ಹುಡುಗನಿಗೆ ಫೋನ್ ಮಾಡಿದೆ. ಉತ್ತರಗಳು ಹೀಗಿವೆ.

ನೋಡ್ ಯಾರ ಹತ್ತಿರ ಅಂದರೆ "ಎಲ್ಲ ನಮ್ಮ ಕ್ಲೌಡ್‌ನಲ್ಲೇ ಸರ್, ನಿಮಗೆ ಯಾಕೆ ಟೆನ್ಶನ್" ಅಂದ. ಗೇಟ್ ಸಮಯ ಒತ್ತುವವರು ಗೋಡೌನ್ ಸೆಕ್ಯುರಿಟಿ. ಜಿಪಿಎಸ್ ಜೋಡಿಸಬಹುದು, ಅದಕ್ಕೆ ಬೇರೆ ಚಾರ್ಜ್. ಎಣಿಸಿಲ್ಲ ಅಂತ ಬರೆಯಲು ಜಾಗ ಈಗಿಲ್ಲ, "ರಿಕ್ವೆಸ್ಟ್ ಹಾಕುತ್ತೇನೆ" ಅಂದ. ಮಾರ್ಕೆಟ್ ಗಾಡಿ ರೇಟ್ ಪಾರ್ಟಿಗೆ ಕಾಣುತ್ತದಾ ಅಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೇಳಿ ಹೇಳುತ್ತಾನಂತೆ.

ಫ್ಯಾಬ್ರಿಕ್ ಪುಟ್ಟ

ಎಲ್ಲ ಪ್ರತಿಯೂ ಒಬ್ಬರ ಕಪಾಟಿನಲ್ಲೇ ಇದ್ದರೆ ಅದು ಒಂದೇ ಪುಸ್ತಕ ಅಣ್ಣ. ಬ್ಲಾಕ್‌ಚೈನ್ ಅಂತ ಜಾಸ್ತಿ ದುಡ್ಡು ಯಾಕೆ ಕೊಡಬೇಕು?

ಚೈನ್ ಚೆಲುವ

ಇದನ್ನು ಮಾತ್ರ ನಾನೂ ಒಪ್ಪುತ್ತೇನೆ. ಅದು ಬ್ಲಾಕ್‌ಚೈನೇ ಅಲ್ಲ. ಇಂಥವರಿಂದಲೇ ಹೆಸರು ಕೆಡುವುದು.

ಹಾಸನ ಲೋಡ್

ಪಾರ್ಟಿ ಬಿಡುವ ಹಾಗಿಲ್ಲ, ಸೀಸನ್ ಅಲ್ಲದ ದಿನ ಗಾಡಿ ಓಡುವುದೇ ಅವರಿಂದ. ಸೇರುತ್ತೇನೆ, ಆದರೆ ಚಾರ್ಜ್ ಅವರೇ ಹೊರಲಿ ಅಂತ ಪತ್ರ ಬರೆಯುತ್ತಿದ್ದೇನೆ. ಜೊತೆಗೆ ಹಾಲ್ಟಿಂಗ್ ವಿಷಯವನ್ನೂ ಸೇರಿಸೋಣ ಅಂತ. ಪಣಂಬೂರು ಸರ್, ನಿಮ್ಮಲ್ಲಿ ರೇಟ್ ಕಾಂಟ್ರಾಕ್ಟ್‌ನಲ್ಲಿ ಆ ಸಾಲು ಹೇಗೆ ಬರೆಯುತ್ತೀರಿ?

ಪಣಂಬೂರು ಗೇಟ್

ನಾವು ಕಂಟೇನರ್ ಟ್ರೈಲರ್‌ಗೆ ಬರೆಯುವುದು ಹೀಗೆ: "ವಾಹನವು ಇಳಿಸುವ ಸ್ಥಳದ 500 ಮೀಟರ್ ಒಳಗೆ ಬಂದ ಸಮಯವನ್ನು ಜಿಪಿಎಸ್ ದಾಖಲೆಯಂತೆ ಪರಿಗಣಿಸತಕ್ಕದ್ದು. ಮೊದಲ 24 ಗಂಟೆ ಉಚಿತ. ನಂತರದ ಪ್ರತಿ 24 ಗಂಟೆಗೆ ಅಥವಾ ಅದರ ಭಾಗಕ್ಕೆ ಒಪ್ಪಿದ ದರದಂತೆ ಹಾಲ್ಟಿಂಗ್." ಆ "ಅದರ ಭಾಗಕ್ಕೆ" ಬಿಡಬೇಡಿ, ಜಗಳ ಅಲ್ಲೇ ಬರುವುದು. ಭಾನುವಾರ ಲೆಕ್ಕಕ್ಕೆ ಉಂಟಾ ಇಲ್ಲವಾ ಅಂತಲೂ ಬರೆದುಬಿಡಿ.

ಶಿರಾಡಿ ಘಾಟ್

ಹಾಲ್ಟಿಂಗ್ ಬಂದರೆ ಡ್ರೈವರ್ ಬತ್ತಾ ಎಷ್ಟು ಅಂತಲೂ ಅದರಲ್ಲೇ ಬರೆಯಿರಿ ಸರ್. ಗೇಟಿನ ಹೊರಗೆ ಎರಡು ದಿನ ಗಾಡಿಯೊಳಗೆ ಮಲಗುವವರು ನಾವು.

ಹಾಸನ ಲೋಡ್

ಬರೆಯುತ್ತೇನೆ ಅಣ್ಣ. ದಿನಕ್ಕೆ ಎಷ್ಟು ಅಂತ ನೀವೇ ಹೇಳಿ, ನಮ್ಮ ಡ್ರೈವರ್‌ಗಳನ್ನೂ ಕೇಳಿ ಹಾಕುತ್ತೇನೆ.